ಎರಡು ಮೊಳದ ವೈನ್

ನನ್ನ ನಾಲಗೆಯ ಬಗ್ಗೆ ನನಗೆ ಅಪಾರ ಗೌರವವಿತ್ತು. ಕಾಟಿಕುಳಂನಿಂದ ತಿರುನೆಲ್ಲಿಗೆ ಹೋಗುವ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಚಹಾ ಅಂಗಡಿ ಇಟ್ಟವನು ನಾನು. ಹಾಲಿಗೆ ನೀರು ಬೆರೆಸಿದ್ದರೆ ಮೂಸಿಯೇ ಹೇಳಬಲ್ಲೆ. ತಲೆಯ ಮೇಲೆತ್ತಿದ ಮಗ್ಗಿನಿಂದ ಎರಡು ಮೊಳ ಕೆಳಗಿನ ಗ್ಲಾಸಿಗೆ ಒಂದು ಹನಿಯೂ ಚೆಲ್ಲದಂತೆ ಚಹಾ ಎಳೆದು ಹೊಯ್ದರೆ, ಬಸ್ಸಿನಲ್ಲಿ ಕೂತವರೂ ಕಿಟಕಿಯಿಂದ ಇಣುಕುತ್ತಾರೆ. ಇಂಥವನಿಗೆ ವೈನಿನ ರುಚಿ ನೋಡುವುದು ಯಾವ ಮಹಾ ಕೆಲಸ?

ಮಹಾ ಕೆಲಸವೇ ಆಗಿತ್ತು.

ನಮ್ಮ ಅಂಗಡಿಯ ಮೇಲಿನ ಗುಡ್ಡದಲ್ಲಿ ಹೊಸದಾಗಿ ಒಂದು ರೆಸಾರ್ಟ್ ಆಗಿದೆ. ಅಲ್ಲಿನ ಮ್ಯಾನೇಜರ್ ಷೀಬಾ ಮೇಡಂ ಒಂದು ದಿನ ಅಂಗಡಿಗೆ ಬಂದು, ನನ್ನ ಹೆಂಡತಿ ಗಿರಿಜೆ ಕರಿದ ತಿಂಡಿ ತಿಂದು ಮೆಚ್ಚಿದರು. ಅತಿಥಿಗಳಿಗೆ ಸಂಜೆ ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್ ಕೊಡುತ್ತಾರಂತೆ, ಅದರ ಜೊತೆಗೆ ಊರಿನ ತಿಂಡಿ ಬೇಕಂತೆ. ಶುಕ್ರವಾರ ಬೆಳಿಗ್ಗೆ ಬನ್ನಿ, ವೈನಿನ ಜೊತೆ ತಿಂದು ನೋಡೋಣ, ಹೊಂದಿದರೆ ಆರ್ಡರ್ ಚೇಚಿಯ, ಅಂದರೆ ಗಿರಿಜಕ್ಕನ, ಹೆಸರಿಗೇ ಎಂದರು.

ಚೇಚಿಯ ಹೆಸರಿಗೇ! ಇಷ್ಟು ವರ್ಷ ಒಲೆಯ ಮುಂದೆ ಬೆಂದವಳು ಗಿರಿಜೆ, ಹೆಸರು ಮಾತ್ರ ನನ್ನ ಅಂಗಡಿಗೆ. ಅವತ್ತು ರಾತ್ರಿ ಊಟ ಬಡಿಸುತ್ತಾ ಅವಳು ಮೆತ್ತಗೆ ಅಂದಳು, "ನನ್ ಹೆಸ್ರಲ್ಲಿ ಒಂದಾದ್ರೂ ಆಗ್ಲಿ ಅಂತ ಆಸೆ. ನೀವು ಅಲ್ಲಿ ಬಂದು ಸುಮ್ನೆ ಕೂತ್ಕೊಂಡ್ರೆ ಮದಿ, ಅಷ್ಟೇ ಸಾಕು."

ಸುಮ್ಮನೆ ಕೂರುವುದೇ? ಹೆಂಡತಿಯ ಭವಿಷ್ಯ ನನ್ನ ನಾಲಗೆಯ ತುದಿಯಲ್ಲಿದೆ ಎಂದು ತಿಳಿದ ಮೇಲೆ ನಾನು ಸುಮ್ಮನೆ ಕೂರುವ ಪೈಕಿಯೇ ಅಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಸೂಟು ಹಾಕಿದವರೊಬ್ಬರು ಗ್ಲಾಸನ್ನು ಓರೆ ಮಾಡಿ ನೋಡಿದರು, ಮೂಸಿದರು, ಬಾಯಲ್ಲಿ ಮುಕ್ಕಳಿಸಿ ಪಕ್ಕದ ಪಾತ್ರೆಗೆ ಉಗಿದರು. ಮನೆಯಲ್ಲಿ ವೈನಿಲ್ಲವಾದ್ದರಿಂದ ವೈದ್ಯರು ಗಿರಿಜೆಗೆ ಕೊಟ್ಟಿದ್ದ ದಶಮೂಲಾರಿಷ್ಟದಲ್ಲಿ ಎರಡು ದಿನ ಅಭ್ಯಾಸ ಮಾಡಿದೆ. ಅವಳ ಸೊಂಟನೋವಿನ ಔಷಧಿ ಅರ್ಧ ಖಾಲಿಯಾಯಿತು. ನನ್ನ ಸೊಂಟ ಮಾತ್ರ ಗಟ್ಟಿಯಾಯಿತು.

ತಿಂಡಿಯ ವಿಷಯದಲ್ಲೂ ನಾನೇ ತೀರ್ಪು ಕೊಟ್ಟೆ. ಗಿರಿಜೆ ಉಪ್ಪಿನ ಬಾಳೆಕಾಯಿ ಚಿಪ್ಸ್ ಎಂದಳು. ನಾನು ಶರ್ಕರವರಟ್ಟಿಯೇ ಆಗಬೇಕೆಂದು ಹಟ ಹಿಡಿದೆ. ಬೆಲ್ಲದ ಪಾಕ ಹಿಡಿಸಿದ ಬಾಳೆಕಾಯಿ ತುಂಡು. ಸಂತೋಷದ ಪಾನೀಯಕ್ಕೆ ಸಿಹಿ ಬೇಡವೇ? ಅವಳು ವಾದ ಮಾಡಲಿಲ್ಲ. ಅವಳು ವಾದ ಮಾಡದಿದ್ದಾಗ ನಾನು ಹೆದರಬೇಕಿತ್ತು.

ಶುಕ್ರವಾರ ಹನ್ನೊಂದಕ್ಕೆ ರೆಸಾರ್ಟಿನ ಜಗಲಿಯಲ್ಲಿ ಕೂತೆವು. ಮಂಜುಗಡ್ಡೆ ತುಂಬಿದ ಬೆಳ್ಳಿ ಬಣ್ಣದ ಬಕೀಟಿನಲ್ಲಿ ಬಾಟಲಿ ಮುಳುಗಿತ್ತು. ಮೇಡಂ ಬಿರಡೆಯನ್ನು ನಾಜೂಕಾಗಿ ತಿರುಗಿಸಿ ತೆಗೆದರು. ಸಣ್ಣ ನಿಟ್ಟುಸಿರಿನಷ್ಟೇ ಸದ್ದು. ಇದು ಡ್ರೈ ವೈನ್, ಅಂದರೆ ಸಿಹಿ ಇಲ್ಲದ್ದು ಎಂದು ವಿವರಿಸಿದರು. ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯವರು ಕುಡಿಯುವ 'ವಿತೌಟ್'!

ಮೇಡಂ ಸುರಿಯಲು ಹೊರಟಾಗ ನನ್ನೊಳಗಿನ ಕಸುಬುದಾರ ಎದ್ದು ನಿಂತ. ಹೆಂಗಸರು ಸುರಿಯುವಾಗ ನಾನು ಕೂತಿರುವುದೇ? ಬಾಟಲಿ ಇಸಿದುಕೊಂಡು ತಲೆಯ ಮೇಲೆತ್ತಿದೆ. ಉದ್ದ ಗ್ಲಾಸನ್ನು ಸೊಂಟದ ಹತ್ತಿರ ಹಿಡಿದೆ. ಎಳೆದು ಹೊಯ್ದೆ.

ಗುರಿ ತಪ್ಪಲಿಲ್ಲ, ಅದನ್ನು ದಾಖಲೆಗಾಗಿ ಹೇಳುತ್ತೇನೆ. ಆದರೆ ಗ್ಲಾಸಿಗೆ ಬಿದ್ದದ್ದು ಗ್ಲಾಸಿನಲ್ಲಿ ನಿಲ್ಲಲಿಲ್ಲ. ನೊರೆ ಭುಸ್ಸೆಂದು ಎದ್ದು ನನ್ನ ತೋಳು, ಮೇಜು, ಶರ್ಕರವರಟ್ಟಿಯ ತಟ್ಟೆ, ಮೇಡಮ್ಮಿನ ಫೈಲು ಎಲ್ಲವನ್ನೂ ತೋಯಿಸಿತು. ಗ್ಲಾಸಿನ ತಳದಲ್ಲಿ ಎರಡು ಗುಟುಕು ಉಳಿದಿತ್ತು. ವರ್ಷಗಟ್ಟಲೆ ಬಾಟಲಿಯೊಳಗೆ ಕೂಡಿಟ್ಟ ಗುಳ್ಳೆಗಳು ಹೋಗದಿರಲಿ ಎಂದು ಗ್ಲಾಸು ಓರೆ ಮಾಡಿ, ಒಳಬದಿಗೆ ತಾಗಿಸಿ ಮೆಲ್ಲಗೆ ಸುರಿಯುತ್ತಾರೆ ಎಂದು ಮೇಡಂ ಬಹಳ ಶಾಂತವಾಗಿ ತಿಳಿಸಿದರು.

ಮರ್ಯಾದೆ ಉಳಿಸಿಕೊಳ್ಳಲು ತಕ್ಷಣ ರುಚಿ ನೋಡಬೇಕಿತ್ತು. ಒಂದು ತುಂಡು ಶರ್ಕರವರಟ್ಟಿ ಅಗಿದು, ಗ್ಲಾಸನ್ನು ನಮ್ಮ ಪದ್ಧತಿಯಂತೆ ತುಟಿಗೆ ತಾಗಿಸದೆ ಮೇಲೆತ್ತಿ ಬಾಯಿಗೆ ಸುರಿದುಕೊಂಡೆ. ಅಳಿದುಳಿದ ಗುಳ್ಳೆಗಳೆಲ್ಲ ಮೂಗಿಗೆ ನುಗ್ಗಿದವು. ಕಣ್ಣಲ್ಲಿ ನೀರು. ಬೆಲ್ಲದ ಬಾಯಿಗೆ ಆ ವೈನ್ ಹುಣಸೆನೀರಿಗಿಂತ ಹುಳಿ! ವಿಡಿಯೋದ ಪಾಠ ನೆನಪಾಗಿ ಮುಕ್ಕಳಿಸಿ ಪಕ್ಕದ ಪಾತ್ರೆಗೆ ಉಗಿದೆ. ಪಾತ್ರೆ ಅಂದರೆ ಮಂಜುಗಡ್ಡೆಯ ಬಕೀಟು.

ಬಾಯಿ ಒರೆಸಿಕೊಂಡು ಗಂಭೀರವಾಗಿ ಅಭಿಪ್ರಾಯ ಕೊಟ್ಟೆ, "ಸಾಮಾನು ಒಳ್ಳೇದೇ ಮೇಡಂ. ನಾಲ್ಕು ಚಮಚ ಸಕ್ಕರೆ ಹಾಕಿದ್ರೆ ಸರಿಹೋಗ್ತದೆ."

ಮೇಡಂ ಒದ್ದೆ ಫೈಲು ಮುಚ್ಚಿದರು. ಗಿರಿಜೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳ ಇಪ್ಪತ್ತೆರಡು ವರ್ಷದ ಆಸೆಯನ್ನು ಇಪ್ಪತ್ತೆರಡು ಸೆಕೆಂಡಿನಲ್ಲಿ ನೊರೆ ಮಾಡಿದ್ದೆ. ನಾಚಿಕೆಯಾಯಿತು, ನಿಜವಾಗಿ.

ಗಿರಿಜೆ ಮಾತ್ರ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ಉಪ್ಪಿನ ಚಿಪ್ಸ್! ನನಗೆ ಗೊತ್ತಿಲ್ಲದಂತೆ ಬೆಳಿಗ್ಗೆಯೇ ತೆಂಗಿನೆಣ್ಣೆಯಲ್ಲಿ ಕರಿದಿದ್ದಳು. ಬಾಟಲಿಯಲ್ಲಿ ಉಳಿದಿದ್ದನ್ನು ಮೇಡಮ್ಮಿನ ಕೈಯಿಂದಲೇ ಸುರಿಸಿಕೊಂಡು, ಎರಡು ಚಿಪ್ಸ್ ಅಗಿದು, ಅರಿಷ್ಟ ಕುಡಿಯುವಷ್ಟೇ ಒಂದು ಗುಟುಕು ಹೀರಿದಳು.

"ಎಣ್ಣೆ ಜಿಡ್ಡೆಲ್ಲ ತೊಳ್ದಂಗಾಯ್ತು ಮೇಡಂ," ಎಂದಳು. "ಹಸಿ ಸೇಬು ಕಚ್ದಂಗೆ ಐತೆ. ಇನ್ನೊಂದ್ ಚಿಪ್ಸ್ ತಿನ್ಬೇಕು ಅನ್ನಿಸ್ತದೆ, ತಿಂದ್ರೆ ಇನ್ನೊಂದ್ ಗುಟುಕು ಬೇಕು ಅನ್ನಿಸ್ತದೆ."

ಮೇಡಂ ಒಂದು ಚಿಪ್ಸ್ ತಿಂದು ಒಂದು ಗುಟುಕು ಕುಡಿದರು. ಇನ್ನೊಂದು ಚಿಪ್ಸ್, ಇನ್ನೊಂದು ಗುಟುಕು. ಆಮೇಲೆ ಫೈಲು ಬಿಚ್ಚಿ ಒದ್ದೆ ಕಾಗದದ ಮೇಲೆಯೇ ಗಿರಿಜೆಯ ಹೆಸರು ಬರೆದರು. ಆರ್ಡರ್ ಖಾಯಂ. ಷರತ್ತು ಒಂದೇ: ಡಬ್ಬಿ ತರುವಾಗ ಚೇಟನಿಗೆ, ಅಂದರೆ ಈ ಅಣ್ಣನಿಗೆ, ತೊಂದರೆ ಕೊಡಬೇಡಿ, ಜೀಪು ನಾವೇ ಕಳಿಸುತ್ತೇವೆ!

ಈಗ ವಾರಕ್ಕೆರಡು ಸಲ ಗಿರಿಜೆ ಆ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಗುಡ್ಡ ಹತ್ತುತ್ತಾಳೆ. ನಾನು ಅಂಗಡಿಯ ಹಿಂದೆ ಕೂತು ಬಾಳೆಕಾಯಿ ಸುಲಿಯುತ್ತೇನೆ. ಸೊನೆ ಹತ್ತಿ ಬೆರಳೆಲ್ಲ ಕಪ್ಪು. ಮೊನ್ನೆ ಮೈಸೂರಿನಿಂದ ರೆಸಾರ್ಟಿಗೆ ಬಂದಿದ್ದ ದಂಪತಿ ಕಾರು ನಿಲ್ಲಿಸಿ, ಗಿರಿಜಾ ಅವರ ಅಂಗಡಿ ಇದೇನಾ ಎಂದು ವಿಚಾರಿಸಿದರು. ಇದೇ ಎಂದೆ. ನೀವು ಯಾರು ಎಂದು ಕೇಳಿದರು.

"ಸಿಪ್ಪೆ ತೆಗೆಯುವವನು," ಎಂದೆ.