ಹೂವು ಬೇಡ, ಕೇಕು ಪರವಾಗಿಲ್ಲ

ಮಾಲಕಿ ಟೂಹಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು: ಅವಳು ಹೇಳುವುದೆಲ್ಲ ಸರಿಯಾಗಿರುತ್ತದೆ. ಅಂಥ ಹೆಂಡತಿಯ ಜೊತೆ ಜಗಳವಾಡಿ ಗೆಲ್ಲುವುದು ಹೇಗೆ? (ಹೆಸರೇನೋ ಅವನದು ಮಾಲಕಿ. ಆ ಮನೆಯ ನಿಜವಾದ ಮಾಲಕಿ ಯಾರೆಂಬುದು ಬ್ಯಾಲಿಕೀಲ್ ಊರಿನ ಬೆಕ್ಕುಗಳಿಗೂ ಗೊತ್ತಿತ್ತು.)

ಐರ್ಲೆಂಡಿನ ಪಡುವಣ ಮೂಲೆಯ ಆ ಊರಿನಲ್ಲಿ ಸತ್ತವರನ್ನು ಮರ್ಯಾದೆಯಿಂದ ಸಾಗಿಸುವ ಕೆಲಸ ಟೂಹಿ ಮನೆತನದ್ದು. ಅಜ್ಜ ಕುದುರೆಗಾಡಿಯಲ್ಲಿ ಸಾಗಿಸಿದ, ಅಪ್ಪ ವ್ಯಾನಿನಲ್ಲಿ, ಮಾಲಕಿ ಉದ್ದನೆಯ ಕಪ್ಪು ಕಾರಿನಲ್ಲಿ. ಮುಂದುಗಡೆ ಅಂತ್ಯಸಂಸ್ಕಾರದ ಅಂಗಡಿ, ಹಿಂದುಗಡೆ ಸಂಸಾರ. ಮಕ್ಕಳಿಲ್ಲ. ಗಂಡ ಹೆಂಡತಿ, ಮತ್ತೆ ಯಾವಾಗಲೂ ಲಿಲ್ಲಿ ಹೂವಿನ ವಾಸನೆ.

ಇಂಥ ಶಾಂತಿಧಾಮಕ್ಕೆ ಅಶಾಂತಿ ಬಂದದ್ದು ಪಕ್ಕದ ಕಿಲ್ಡೂನಿನ ಕಾರ್ಮಕ್ ಡೆವೇನಿಯಿಂದ. ಅವನೂ ಇದೇ ಕಸುಬಿನವನು. ಆದರೆ ಅವನಿಗೆ ವೆಬ್‌ಸೈಟ್ ಇತ್ತು.

"ತೆಗೆದ ಕೂಡಲೇ ಹಾರ್ಪ್ ನುಡಿಯುತ್ತೆ, ಹಂಸ ತೇಲುತ್ತೆ," ಎಂದಳು ಹೆಂಡತಿ ಡಿಂಪ್ನಾ, ಬೆಳಗಿನ ಚಹಾದ ಹೊತ್ತಿಗೆ. "ನಮ್ಮೂರಿನ ಎರಡು ಮನೆಯವರು ಅವನ ಹತ್ರ ಹೋಗಿದ್ದು ಯಾಕೆ ಅಂದ್ಕೊಂಡೆ? ಹಂಸ ನೋಡಿ."

"ಹಂಸ ಪೆಟ್ಟಿಗೆ ಹೊರುತ್ತಾ?"

"ಹೊರಲ್ಲ. ಆದರೆ ಗಿರಾಕಿನ ಕರ್ಕೊಂಡು ಬರುತ್ತೆ."

"ನಮ್ಮ ಗಿರಾಕಿಗಳು ಯಾವತ್ತಾದರೂ ತಾವಾಗೇ ನಡ್ಕೊಂಡು ಬಂದಿದ್ದಾರಾ ಡಿಂಪ್ನಾ? ಸಾವಿಗೆ ಜಾಹೀರಾತು ಬೇಕಾ? ಅದು ತಾನೇ ಬಾಗಿಲು ತಟ್ಟುತ್ತೆ."

"ತಟ್ಟುತ್ತೆ. ಆಮೇಲೆ ಮನೆಯವರು ಫೋನ್ ತೆಗೆದು ಹುಡುಕ್ತಾರೆ. ಅದರಲ್ಲಿ ಡೆವೇನಿ ಸಿಗ್ತಾನೆ. ನೀನು ಸಿಗಲ್ಲ."

ಸರಿ. ಯಥಾಪ್ರಕಾರ ಸರಿ.

ಗ್ರಂಥಾಲಯದ ಕಂಪ್ಯೂಟರ್ ತರಗತಿಗೆ ಹೋಗಿ ಬಂದಿದ್ದ ಡಿಂಪ್ನಾ ತಾನೇ ಈ ಭಗೀರಥ ಪ್ರಯತ್ನಕ್ಕೆ ಕೂತಳು. ಒಂದು ಸಿದ್ಧ ಮಾದರಿ ಪುಕ್ಕಟೆ ಸಿಕ್ಕಿತು. ಅದು ಮೂಲತಃ ಹೋಟೆಲಿನವರಿಗೆ ಮಾಡಿದ್ದು. 'ನಮ್ಮಲ್ಲಿ ಒಮ್ಮೆ ತಂಗಿದವರು ಬೇರೆಡೆ ಹೋಗುವುದಿಲ್ಲ' ಎಂಬ ಸಾಲನ್ನು ಮಾಲಕಿ ಅಳಿಸು ಎಂದ. ಸುಳ್ಳೇನಲ್ಲವಲ್ಲ ಎಂದು ಅವಳು ವಾದಿಸಿದಳು. 'ಮತ್ತೆ ಬನ್ನಿ' ಎಂಬುದನ್ನು ಮಾತ್ರ ಇಬ್ಬರೂ ಒಮ್ಮತದಿಂದ ತೆಗೆದರು.

ಆಮೇಲೆ ಭಾವಚಿತ್ರದ ಪೀಡೆ. ಮಾಲಕಿಯದು ಹುಟ್ಟು ನಗುಮುಖ. ಕಪ್ಪು ಕೋಟು ತೊಟ್ಟು ಅಂಗಡಿಯ ಮುಂದೆ ನಿಂತರೂ ಐಸ್‌ಕ್ರೀಮ್ ಮಾರುವವನ ಹಾಗೆ ಕಂಡ.

"ಸ್ವಲ್ಪ ಗಂಭೀರವಾಗಿರು ಮಾರಾಯ."

ಅವನು ಗಂಭೀರನಾದ.

"ಅಯ್ಯೋ ಬೇಡ. ಈಗ ನೀನೇ ಗಿರಾಕಿ ಥರ ಕಾಣ್ತಿದೀಯ."

ವೆಬ್‌ಸೈಟಿನಲ್ಲಿ ಹಾಕಲು ನಾಲ್ಕು ಒಳ್ಳೆಯ ಮಾತು ಬೇಕೆಂದು ಎದುರುಮನೆಯ ವಿಧವೆ ಬ್ರೈಡಿಯ ಬಳಿ ಹೋದರೆ, ಆ ಅಜ್ಜಿ ಬಹಳ ಯೋಚಿಸಿ ಹೇಳಿದಳು: "ನಮ್ಮ ಯಜಮಾನ ಪ್ಯಾಕಿ ಬದುಕಿದ್ದಷ್ಟು ದಿನ ಹಾಸಿಗೆ ಗಟ್ಟಿ, ದಿಂಬು ಮೆತ್ತಗೆ ಅಂತ ಗೊಣಗಿದ. ನಿಮ್ಮ ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಒಂದು ಮಾತು ಆಡಿಲ್ಲಪ್ಪ. ಬರ್ಕೊ ಇದನ್ನ."

ಕೊನೆಗೆ ಉಳಿದದ್ದು ನಿಧನ ವಾರ್ತೆಯ ಪುಟ. ಅದೇ ಮುಖ್ಯ. ಆ ಸೀಮೆಯಲ್ಲಿ ಬೆಳಗ್ಗೆ ಎದ್ದವರು ಮೊದಲು ನೋಡುವುದು ಹವಾಮಾನವನ್ನಲ್ಲ, ಯಾರು ಹೋದರು ಎಂಬುದನ್ನು. ಮಾದರಿಗೆಂದು ಒಂದು ಹೆಸರು ತುಂಬಬೇಕಾಗಿತ್ತು. ಊರಿನ ಯಾರ ಹೆಸರು ಹಾಕಿದರೂ ಜಗಳ ಖಂಡಿತ. ಸಂಜೆ ಮಾಲಕಿ ಗಾಳದ ಕೋಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಅವಳು ಕೇಳಿದಳು, "ನಿನ್ನ ಹೆಸರು ಹಾಕ್ಲಾ?"

"ಹಾಕು. ನನ್ನ ಮಾತಿಗೆ ಈ ಮನೇಲಿ ಯಾವಾಗ ಜೀವ ಇತ್ತು?"

ಅವಳು ತುಂಬಿದಳು. ತುಂಬುತ್ತಾ ತುಂಬುತ್ತಾ ಕೈಗೆ ಹುರುಪು ಬಂತು. 'ಮಾಲಕಿ ಟೂಹಿ, ಸ್ವಗೃಹದಲ್ಲಿ, ಶಾಂತವಾಗಿ. (ಅಷ್ಟು ಶಾಂತವಾಗಿ ಅವನು ಬೇರೇನನ್ನೂ ಮಾಡಿದವನಲ್ಲ.) ಡಿಂಪ್ನಾಳ ಪ್ರೀತಿಯ ಗಂಡ. ನಾಳೆ ಮಧ್ಯಾಹ್ನದಿಂದ ಅಂತಿಮ ದರ್ಶನಕ್ಕೆ ಮನೆ ತೆರೆದಿರುತ್ತದೆ. ಹೂವು ಬೇಡ, ಕೇಕು ಪರವಾಗಿಲ್ಲ.' ಲಿಲ್ಲಿ ಹೂವಿನ ವಾಸನೆ ಸಾಕಾಗಿದ್ದ ಹೆಂಗಸಿನ ಮನಸ್ಸಿನ ಮಾತು ಅದು. ಪುಟದ ಕೆಳಗೆ ಎರಡು ಗುಂಡಿಗಳಿದ್ದವು. ಒಂದು 'ಉಳಿಸು', ಇನ್ನೊಂದು 'ಪ್ರಕಟಿಸು'. ಗಂಡನನ್ನು ಉಳಿಸುವ ಬದಲು ಡಿಂಪ್ನಾ ಅವನನ್ನು ಪ್ರಕಟಿಸಿಬಿಟ್ಟಳು.

ಮರುದಿನ ಬೆಳಗಾಗುತ್ತಲೇ ಮಾಲಕಿ ಫೋನನ್ನು ಅಡುಗೆಮನೆಯಲ್ಲೇ ಬಿಟ್ಟು ಸರೋವರಕ್ಕೆ ಹೋದ. ಮೀನು ಹಿಡಿಯುವಾಗ ಫೋನು ಒಯ್ಯಬಾರದೆಂಬುದು ಅವನ ಏಕೈಕ ಧಾರ್ಮಿಕ ನಿಯಮ. ಮಧ್ಯಾಹ್ನ ಎರಡು ಟ್ರೌಟ್ ಮೀನು ತೂಗಾಡಿಸಿಕೊಂಡು ಬರುವಾಗ ತಮ್ಮ ಬೀದಿಯ ತುಂಬ ಕಾರುಗಳನ್ನು ಕಂಡ. ಕಪ್ಪು ಕೋಟಿನ ಗಂಡಸರು, ತಟ್ಟೆ ಹಿಡಿದ ಹೆಂಗಸರು. ಇಷ್ಟು ಜನ ಸೇರಬೇಕಾದರೆ ಯಾರೋ ಬೇಕಾದವರೇ ಇರಬೇಕು ಎಂದು ಅವನ ಕಸುಬಿನ ಬುದ್ಧಿ ಲೆಕ್ಕ ಹಾಕಿತು. ಆಮೇಲೆ ನೋಡಿದ. ಜನ ಸಾಲುಗಟ್ಟಿದ್ದು ಅಂಗಡಿಯ ಬಾಗಿಲಿಗಲ್ಲ, ಹಿಂದಿನ ಮನೆಬಾಗಿಲಿಗೆ.

ಆ ಮನೆಯಲ್ಲಿ ಇರುವವರು ಇಬ್ಬರು. ಒಬ್ಬ ತಾನು, ಇಲ್ಲಿ ನಿಂತಿದ್ದೇನೆ.

ಕೈಯಿಂದ ಮೀನು ಜಾರಿತು. ಊರಿನ ಎಷ್ಟೋ ಗಂಡಂದಿರನ್ನು ತೋಳು ಹಿಡಿದು ನಡೆಸಿದವನಿಗೆ ಈಗ ತೋಳು ಹಿಡಿಯಲು ಯಾರೂ ಇರಲಿಲ್ಲ. ಬೆಳಗ್ಗೆ ಹೊರಡುವಾಗ ಅವಳಿಗೆ ಹೋಗಿಬರುತ್ತೇನೆ ಎಂದೆನೋ ಇಲ್ಲವೋ? ಚಹಾ ತಣ್ಣಗಾಗಿದೆ ಎಂದು ಮುಖ ಸಿಂಡರಿಸಿದ್ದು ಮಾತ್ರ ನೆನಪಿತ್ತು. ಹಿತ್ತಿಲ ಗೋಡೆ ಹಾರಿ (ಆ ಗಾತ್ರದ ಮನುಷ್ಯ ಗೋಡೆ ಹಾರಿದ್ದು ಆ ಊರಿನ ಇತಿಹಾಸದಲ್ಲಿ ಮೊದಲು), ಅಡುಗೆಮನೆಯ ಬಾಗಿಲು ತಳ್ಳಿ, "ಡಿಂಪ್ನಾ!" ಎಂದು ಕಿರುಚಿದ.

ಡಿಂಪ್ನಾ ಹ್ಯಾಮ್ ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದಳು.

ಅವನು ಅವಳನ್ನು ತಬ್ಬಿಕೊಂಡ. ಚಾಕು ಸಮೇತ. ಅಳುತ್ತಿದ್ದ.

"ಬಿಡು, ಬಿಡು. ಮೀನು ನಾರ್ತಿದೀಯ," ಎಂದಳು ಅವಳು. ಆದರೆ ಬಿಡಿಸಿಕೊಳ್ಳಲಿಲ್ಲ. "ಎಲ್ಲಿ ಹಾಳಾಗಿ ಹೋಗಿದ್ದೆ? ಬೆಳಗ್ಗೆಯಿಂದ ಬಡ್ಕೋತಿದೀನಿ, ನನ್ನ ಗಂಡ ಸತ್ತಿಲ್ಲ ಅಂತ. ಒಬ್ಬರೂ ನಂಬಲ್ಲ. ಪಾಪ, ಆಘಾತ ಅಂತ ನನ್ನ ಬೆನ್ನು ಸವರ್ತಾರೆ. ಹೆಣ ಮುಂದಿನ ಅಂಗಡೀಲಿರಬೇಕು ಅಂತ ತಾವೇ ಅಂದ್ಕೊಂಡಿದಾರೆ. ಮೀನು ಹಿಡಿಯೋಕೆ ಹೋಗಿದಾನೆ ಅಂದ್ರೆ ಬ್ರೈಡಿ ಏನಂದಳು ಗೊತ್ತಾ? 'ಹೌದಮ್ಮ, ಅಲ್ಲಿ ಮೇಲಿನ ಸರೋವರದಲ್ಲಿ ಮೀನು ಚೆನ್ನಾಗಿ ಸಿಗುತ್ತೆ.'"

ವಿಷಯ ತಿಳಿದು ಮಾಲಕಿ ಮುಂದಿನ ಕೋಣೆಯ ಬಾಗಿಲಲ್ಲಿ ಕಾಣಿಸಿಕೊಂಡ. ಒಬ್ಬರು ಕಿರುಚಿದರು, ಇಬ್ಬರು ಶಿಲುಬೆಯ ಗುರುತು ಹಾಕಿಕೊಂಡರು. ಪಾದ್ರಿ ಲೋರ್ಕನ್, ಸ್ವಂತ ಕಸುಬಿನ ಪ್ರಕಾರ ಪುನರುತ್ಥಾನವನ್ನು ನಂಬಬೇಕಾದವರು, ಕೈಯಲ್ಲಿದ್ದ ವಿಸ್ಕಿಯನ್ನು ಒಂದೇ ಗುಟುಕಿಗೆ ಮುಗಿಸಿದರು.

"ಏನಪ್ಪಾ ಇದು?" ಎಂದಳು ಬ್ರೈಡಿ ಸಿಟ್ಟಿನಿಂದ. "ಮೂರು ಮೊಟ್ಟೆ ಒಡೆದು ಹಣ್ಣಿನ ಕೇಕು ಮಾಡಿದೀನಿ. ಬದುಕಿದ್ದರೆ ಮೊದಲೇ ಹೇಳಬಾರದಿತ್ತಾ?"

"ತಪ್ಪಾಯ್ತು ಬ್ರೈಡಿ."

"ಈಗ ತಾನೇ ನೀನು ಬಂಗಾರದಂಥ ಮನುಷ್ಯ ಅಂತ ಎಲ್ಲರ ಮುಂದೆ ಅಂದುಬಿಟ್ಟೆ," ಎಂದಳು. "ಅದೆಲ್ಲ ವಾಪಸ್."

ಬಂದವರು ಬಂದಾಗಿತ್ತು, ಕೇಕು ಕತ್ತರಿಸಿಯಾಗಿತ್ತು. ಯಾರೂ ಏಳುವ ಸೂಚನೆ ಕಾಣಲಿಲ್ಲ. ಹಾಗಾಗಿ ದಿವಂಗತರೇ ಕೆಟಲ್ ಹಿಡಿದು ತಮ್ಮ ಸಾವಿಗೆ ಬಂದವರಿಗೆಲ್ಲ ಚಹಾ ಬಗ್ಗಿಸಿದರು. ಡಿಂಪ್ನಾ ವೆಬ್‌ಸೈಟಿನಲ್ಲಿ ವಾರ್ತೆ ಅಳಿಸಲು ಹೋಗಿ, ಅದು ಅಳಿಯದೆ, ಕೊನೆಗೆ ಕೆಳಗೊಂದು ಸಾಲು ಸೇರಿಸಿದಳು: 'ಅನಿವಾರ್ಯ ಕಾರಣಗಳಿಂದ ಮುಂದೂಡಲಾಗಿದೆ.'

ಆಗಲೇ ಹೊರಗೆ ಉದ್ದನೆಯ ಹೊಳೆಯುವ ಕಾರು ನಿಂತದ್ದು. ಕಾರ್ಮಕ್ ಡೆವೇನಿ ಒಳಗೆ ಬಂದ. ಕಣ್ಣು ಕೆಂಪಗಾಗಿತ್ತು. ಚಹಾ ಹಿಡಿದು ನಿಂತ ಮಾಲಕಿಯನ್ನು ನೋಡಿ ಗೋಡೆಗೆ ಒರಗಿದ.

"ದರಿದ್ರದವನೇ," ಎಂದ, ದನಿ ಬಂದ ಮೇಲೆ. "ದಾರಿಯುದ್ದ ಅತ್ಕೊಂಡು ಬಂದೆನಲ್ಲೋ. ನಿನ್ನಪ್ಪ ನನಗೆ ಪೆಟ್ಟಿಗೆ ಹೊರೋದು ಕಲಿಸಿದವನು. ನಿನ್ನದನ್ನ ನಾನೇ ಹೊರಬೇಕು, ಬಿಡಿಗಾಸೂ ತಗೋಬಾರದು ಅಂದ್ಕೊಂಡು ಬಂದೆ."

ಮಾಲಕಿಗೆ ಹಂಸವನ್ನು ಬೈದದ್ದಕ್ಕೆಲ್ಲ ನಾಚಿಕೆಯಾಯಿತು. ನಾಚಿಕೆ ಮರೆಸಲು ಹೆಂಡತಿಯ ಕಡೆ ತಿರುಗಿ ನಕ್ಕ. "ಕೇಳಿದೆಯಾ? ಎದುರಾಳಿಗೆ ನನ್ನ ಪೆಟ್ಟಿಗೆ ಬೇಕಂತೆ. ಅಲ್ಲ ಡಿಂಪ್ನಾ, ನಾನು ನಿಜವಾಗಿ ಹೋಗಿದ್ದರೆ ನೀನು ಯಾರನ್ನ ಕರೀತಿದ್ದೆ?"

"ಡೆವೇನಿಯನ್ನ," ಎಂದಳು ಡಿಂಪ್ನಾ, ಯೋಚಿಸದೆ.

"ಡೆವೇನಿಯನ್ನಾ? ನಮ್ಮ ಸ್ವಂತ ಅಂಗಡಿ ಇಟ್ಕೊಂಡು?"

"ಹೌದು. ನಮ್ಮ ಮದುವೆ ದಿನ ಕೇಕು ಕತ್ತರಿಸೋ ಹೊತ್ತಿಗೆ ಬ್ರೈಡಿಯ ಮಾವ ಹೋದರು ಅಂತ ಎದ್ದುಹೋದೆ. ಕ್ರಿಸ್‌ಮಸ್ ದಿನ ಬಾತುಕೋಳಿ ಊಟ ಬಿಟ್ಟು ಹೋದೆ. ನನ್ನ ತಂಗಿ ಸತ್ತಾಗ ನಾನು ಒಬ್ಬಳೇ ಚರ್ಚಿನ ಮುಂದಿನ ಸಾಲಲ್ಲಿ ಕೂತಿದ್ದೆ, ನೀನು ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದೆ. ನಿನ್ನ ಸಾವಿನ ದಿನವಾದರೂ ನೀನು ಕೆಲಸ ಮಾಡಬಾರದು. ಆ ಒಂದು ದಿನ ಸುಮ್ಮನೆ ಮಲಗಿರು, ನಾನು ನಿನ್ನ ಪಕ್ಕ ಕೂತಿರ್ತೀನಿ. ಓಡಾಟ ಬೇರೆಯವರು ಮಾಡಲಿ."

ಅವಳು ಈ ಸಲವೂ ಸರಿಯಾಗಿಯೇ ಹೇಳಿದ್ದಳು. ಮಾಲಕಿ ಕೆಟಲ್ ಕೆಳಗಿಟ್ಟು, ಮೂಗು ಒರೆಸಿಕೊಂಡು, ಡೆವೇನಿಯ ತೋಳು ಹಿಡಿದು ಕಿಟಕಿಯ ಬಳಿಗೆ ಎಳೆದ.

"ಹಾಗಾದರೆ ಕೇಳು ಕಾರ್ಮಕ್. ಸೇತುವೆ ದಾಟಿದ ಕೂಡಲೇ ರಸ್ತೇಲಿ ಒಂದು ಉಬ್ಬಿದೆ. ಅಲ್ಲಿ ಎರಡನೇ ಗೇರು. ಇಲ್ಲದಿದ್ದರೆ ತಲೆ ಬಡಿಯುತ್ತೆ."

"ಯಾರ ತಲೆ?"

"ನಂದು! ಆಮೇಲೆ ಚರ್ಚಿನ ಗೇಟು ಕಿರಿದು, ಎಡಕ್ಕೆ ತಗೋಬೇಕು. ಹೊರೋರಲ್ಲಿ ಎತ್ತರದವರು ಹಿಂದೆ. ಛೆ, ನೀನು ಖಂಡಿತ ಮರೀತೀಯ. ಒಂದು ಕೆಲಸ ಮಾಡೋಣ, ಆ ದಿನ ನಾನೇ ಮುಂದೆ ನಿನ್ನ ಪಕ್ಕ ಕೂತು ದಾರಿ ಹೇಳ್ತೀನಿ."

ಡಿಂಪ್ನಾ ಬ್ರೈಡಿಯ ಹಣ್ಣಿನ ಕೇಕಿನ ದೊಡ್ಡ ತುಂಡೊಂದನ್ನು ತಂದು ಅವನ ಬಾಯಿಗೆ ತುರುಕಿದಳು.

"ಮುಂದೆ ಕೂರೋಳು ನಾನು," ಎಂದಳು. "ನೀನು ಹಿಂದೆ ಮಲಗಬೇಕು."