ರಾದೆಂಕೋನ ಪರದೆ, ವುಕೊಸಾವಾಳ ಕತ್ತು

ಬೆಲ್‌ಗ್ರೇಡಿನಲ್ಲಿ ಆ ದಿನ ಎಂಥ ಸೆಕೆಯೆಂದರೆ, ಡ್ಯಾನ್ಯೂಬಿನ ಮೀನುಗಳು ನೀರಲ್ಲೇ ಬೆಂದು, ದಡದಲ್ಲಿ ತಟ್ಟೆ ಹಿಡಿದು ನಿಂತವರ ಮುಂದೆ ತಾವಾಗಿಯೇ ಬಂದು ಮಲಗಿದವು. ಉಪ್ಪು ಸಾಲದೆಂದು ಇಬ್ಬರು ವಾಪಸು ಕಳಿಸಿದ್ದೂ ಉಂಟು.

ಅಂಥ ದಿನವೇ ರಾದೆಂಕೋನ ಹಳೆಯ ಲ್ಯಾಪ್‌ಟಾಪಿನ ಪರದೆ ಕಣ್ಣು ಮುಚ್ಚಿತು. ಅಡುಗೆಮನೆಯ ಕಪಾಟುಗಳ ನಕ್ಷೆ ಬರೆಯುವುದು ಅವನ ಕೆಲಸ. ನೀಶ್ ಊರಿನ ಹೋಟೆಲಿನೊಡತಿ ಗ್ರೋಜ್ದಾನಾ ಸಂಜೆ ಐದಕ್ಕೆ ವಿಡಿಯೋ ಕರೆ ಮಾಡಿ ನಕ್ಷೆ ನೋಡುವವಳಿದ್ದಳು. ಈ ಗಿರಾಕಿ ಕೈತಪ್ಪಿದರೆ ಸೋಮವಾರದಿಂದ ಬರುವುದೇ ಬೇಡವೆಂದು ಯಜಮಾನ ಹೇಳಿಯಾಗಿತ್ತು. ರಾದೆಂಕೋ ಹಳೆ ಸಾಮಾನಿನ ಅಂಗಡಿಯಿಂದ ಮಾನಿಟರ್ ಒಂದನ್ನು ಹೊತ್ತು ತಂದ. ಕಿಟಕಿಯ ಕೆಳಗಿನ ಮೇಜಿನ ಮೇಲಿಟ್ಟು, ಅದಕ್ಕೂ ಲ್ಯಾಪ್‌ಟಾಪಿಗೂ ಅಗಲ ಮೂತಿಯ ತಂತಿ ಸಿಕ್ಕಿಸಿದ. 'ಸಿಗ್ನಲ್ ಇಲ್ಲ' ಎಂದಿತು ಮಾನಿಟರ್, ಊಟಕ್ಕೆ ಹೊರಟ ಗುಮಾಸ್ತನ ಹಾಗೆ.

ಅವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ್ದು ಇಡೀ ಕಟ್ಟಡಕ್ಕೆ ಕೇಳಿತ್ತು. ಬಾಗಿಲು ತೆರೆದುಕೊಂಡೇ ಇತ್ತು. ಕೆಳಮನೆಯ ವುಕೊಸಾವಾ ಒಳಬಂದವಳೇ ಮೊದಲು ಕಿಟಕಿ ಜಡಿದಳು. ಹಿಂದೆಯೇ ಮೇಲ್ಮನೆಯ ಮಿಲಾದಿನ್ ಬಂದ. ಮಿಲಾದಿನ್ ಎಂದರೆ ಸಾಮಾನ್ಯನಲ್ಲ. ಟ್ರಾಮ್ ಡಿಪೋದ ಮೆಕ್ಯಾನಿಕ್ ಆಗಿದ್ದಾಗ ಕೆಟ್ಟು ನಿಂತ ಟ್ರಾಮಿನ ಕಿವಿಯಲ್ಲಿ ಎರಡು ಮಾತು ಹೇಳಿದರೆ ಸಾಕು, ಅದು ಕರೆಂಟಿಲ್ಲದೆಯೂ ಓಡುತ್ತಿತ್ತು. ನೋಡಲು ರೂಪವಂತ ಬೇರೆ.

ಅವನು ತಂತಿಯ ಮೂತಿಯನ್ನು ಮೂಸಿ ನೋಡಿ, "ಒಳಗಿನ ಪಿನ್ನಿನ ಮುಳ್ಳಿಗೆ ಕಿಲುಬು ಹಿಡಿದಿದೆ ಕಣೋ. ರಾಕಿಯಾ ತೆಗಿ" ಎಂದ.

"ಮಾವ, ಇದು ಕರೆಂಟಿನ ಸಾಮಾನು."

"ನೀನು ಕೂಸಾಗಿದ್ದಾಗ ಜ್ವರಕ್ಕೆ ಎದೆಗೆ ಏನು ಉಜ್ಜಿದ್ರು? ನಿಮ್ಮಜ್ಜನ ಮಂಡಿಗೆ ಏನು ಉಜ್ಜಿದ್ರು? ಇದಕ್ಕೇನು ಕೊಂಬು ಬಂದಿದ್ಯಾ?"

ಪ್ಲಮ್ ಹಣ್ಣಿನ ಆ ಸಾರಾಯಿ ಬಂತು. ಮುಳ್ಳಿಗೊಂದು ಮುಚ್ಚಳ, ಮೆಕ್ಯಾನಿಕ್‌ಗೊಂದು ಲೋಟ ಎಂಬ ಲೆಕ್ಕದಲ್ಲಿ ಕೆಲಸ ಸಾಗಿತು. ರಾದೆಂಕೋ ಲ್ಯಾಪ್‌ಟಾಪಿನ ಕಂಡ ಕಂಡ ಕೀಲಿಗಳನ್ನೆಲ್ಲ ಕುರುಡನಂತೆ ಒತ್ತುತ್ತಿದ್ದ. ಕೋಣೆ ಬ್ರೆಡ್ಡಿನ ಭಟ್ಟಿಯಾಯಿತು. ಲ್ಯಾಪ್‌ಟಾಪಿನ ಫ್ಯಾನು ದಿಬ್ಬ ಹತ್ತುವ ಲಾರಿಯಂತೆ ಅರಚತೊಡಗಿತು. ಇನ್ನಷ್ಟು ಕಾದರೆ ಅದು ಆರಿಹೋಗುವುದು ಖಂಡಿತ.

"ಅತ್ತೆ, ಒಂಚೂರು ಕಿಟಕಿ ತೆಗೀತೀನಿ. ಇದು ಸತ್ತೋಗುತ್ತೆ."

"ಸತ್ರೆ ಇನ್ನೊಂದು ಬರುತ್ತೆ. ಬಾಗಿಲು ತೆಗೆದಿದೆ, ಕಿಟಕಿನೂ ತೆಗೆದ್ರೆ ಅಡ್ಡಗಾಳಿ ಬಡಿಯೋದು ನನ್ನ ಕತ್ತಿಗೆ" ಎಂದಳು ವುಕೊಸಾವಾ. "ನಮ್ಮಣ್ಣ ಮದುವೆ ದಿನ ಅಡ್ಡಗಾಳಿಗೆ ಸಿಕ್ಕಿ ಕತ್ತು ತಿರುಚಿಕೊಂಡ. ಫೋಟೋದಲ್ಲೆಲ್ಲಾ ಪಕ್ಕದ ಮನೆಯವಳನ್ನೇ ನೋಡ್ತಿದ್ದಾನೆ."

ಬಾಗಿಲು ಹಾಕೋಣವೆಂದರೆ ಮಿಲಾದಿನ್ ಕುರ್ಚಿ ಹಾಕಿಕೊಂಡಿದ್ದು ಹೊಸ್ತಿಲಲ್ಲೇ. ಗಡಿಯಾರ ಐದು ಬಡಿಯಿತು. ರಾದೆಂಕೋನ ಎದೆ ಅದಕ್ಕಿಂತ ಜೋರಾಗಿ ಬಡಿಯಿತು. ವುಕೊಸಾವಾ ಬೆವರೊರೆಸಲು ಅತ್ತ ತಿರುಗಿದ್ದೇ ತಡ, ಅವನು ಮಾನಿಟರ್ ಮೇಲೆ ಬಾಗಿ ಮೆಲ್ಲಗೆ ಕಿಟಕಿ ತೆಗೆದ.

ಗಾಳಿ ಕೋಣೆಯನ್ನು ಸೀಳಿಕೊಂಡು ಹೋಯಿತು. ಫ್ಯಾನು ತಣ್ಣಗಾಯಿತು. ಮಾನಿಟರ್ ಝಗ್ಗನೆ ಬೆಳಗಿತು. "ನನ್ನ ರಾಕಿಯಾ" ಎಂದ ಮಿಲಾದಿನ್.

ಪರದೆಯ ಮೇಲೆ ಕಂಡಿದ್ದು ನಕ್ಷೆಯಲ್ಲ, ಕತ್ತಿಗೆ ಸ್ಕಾರ್ಫ್ ಬಿಗಿದ ಹೆಂಗಸಿನ ಮುಖ. ಸಮಯಪಾಲನೆಯಲ್ಲಿ ಎಲ್ಲರಿಗಿಂತ ಒಂದು ಕೈ ಮೇಲಾದ ಗ್ರೋಜ್ದಾನಾ ಐದಕ್ಕೆ ಮುಂಚೆಯೇ ಕರೆ ಮಾಡಿದ್ದಳು. ರಾದೆಂಕೋ ಒತ್ತಿದ ಯಾವುದೋ ಕೀಲಿ ಅದನ್ನು ಸ್ವೀಕರಿಸಿತ್ತು. ಫ್ಯಾನಿನ ಅಬ್ಬರದಲ್ಲಿ ಅವಳ ದನಿ ಯಾರಿಗೂ ಕೇಳಿಸಿರಲಿಲ್ಲ. ಅವಳು ಮಾತ್ರ ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲಿ ಎಲ್ಲವನ್ನೂ ನೋಡುತ್ತ ಕೂತಿದ್ದಳು.

"ನಕ್ಷೆ ಇರಲಿ. ಮೊದಲು ಆ ಅಮ್ಮನ ಕತ್ತಿಗೆ ಏನಾದ್ರೂ ಸುತ್ತಪ್ಪ" ಎಂದಳು. "ವಯಸ್ಸಾದವರ ಬೆನ್ನ ಹಿಂದೆ ಕಳ್ಳನ ಹಾಗೆ ಕಿಟಕಿ ತೆಗೆಯೋನು ನೀನು. ನಿನ್ನ ಕೈಗೆ ನನ್ನ ಅಡುಗೆಮನೆ ಕೊಡ್ಲಾ?"

ಕರೆ ಕಡಿಯಿತು. ಕೆಲಸವೂ ಹೋಯಿತು. ಮಿಲಾದಿನ್‌ನ ರಾಕಿಯಾ ಮಾತ್ರ ಗೆದ್ದಿತು.

ಬೀದಿಯ ಕಾಫಿ ಅಂಗಡಿಯಲ್ಲಿ ಈ ಕತೆ ಇಲ್ಲಿಗೆ ಮುಗಿಯುತ್ತಿದ್ದಂತೆ ಹಿಂದಿನ ಮೇಜಿನಿಂದ ವುಕೊಸಾವಾ ಎದ್ದಳು. ಅಡ್ಡಗಾಳಿ ಬಡಿದ ಕತ್ತು ಇನ್ನೂ ಸೊಟ್ಟಗೇ ಇತ್ತು. "ನಿಜ ಹೇಳು, ಮಿಲಾದಿನ್" ಎಂದಳು.

ಸರಿ, ಹೇಳುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ, ಟ್ರಾಮಿನಲ್ಲಿ ಟಿಕೆಟ್ ನೋಡುತ್ತಿದ್ದವನು. ತಂತಿ ಯಾವ ಕಿಂಡಿಗೆ ಬಂದಿದೆಯೆಂದು ಮಾನಿಟರ್‌ಗೆ ತಿಳಿಸುವ ಗುಂಡಿಯೊಂದು ಅದರ ಅಂಚಿನಲ್ಲಿತ್ತು. ಬಾಗಿದಾಗ ರಾದೆಂಕೋನ ಮೊಣಕೈ ತಾಗಿದ್ದು ಅದಕ್ಕೇ. ನಮ್ಮ ಮನೆಯ ಟೀವಿಗೂ ಅಂಥದ್ದೇ ಇದೆ. ಒಳಗೆ ಕಾಲಿಟ್ಟ ಕೂಡಲೇ ನಾನದನ್ನು ಕಂಡಿದ್ದೆ.

ಆಗಲೇ ಹೇಳಿಬಿಟ್ಟಿದ್ದರೆ ರಾಕಿಯಾ ಶೀಶೆ ಯಾರು ತೆಗೆಯುತ್ತಿದ್ದರು?