ಶಂಕ್ರೆಪ್ಪನ ವೈನು, ನಮ್ಮ ಮನೆಯ ಬೆಲ್ಲ

ಈ ಸಂಗತಿಯನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಏನಾದರೊಂದು ಅಡ್ಡ ಬರುತ್ತಿತ್ತು. ಪೆನ್ನು ಸರಿ ಇಲ್ಲ, ಕರೆಂಟಿಲ್ಲ, ಸೊಂಟ ಹಿಡಿದಿದೆ. ಈಗ ಸೊಂಟ ಹೇಗೂ ದಿನಾ ಹಿಡಿಯುತ್ತದೆ. ಅದನ್ನು ನೆವ ಮಾಡಿ ಪ್ರಯೋಜನವಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಆದರೆ ಮುಳವಾಡದ ಸುತ್ತಮುತ್ತ ನನಗೆ ಹೆಸರಿದ್ದದ್ದು ಓದಿಗಲ್ಲ, ಬಡಿಸುವುದಕ್ಕೆ. ಯಾರ ಮನೆಯ ಮದುವೆಯೇ ಇರಲಿ, ತುಪ್ಪದ ತಂಬಿಗೆ ಹಿಡಿದು ನಾನು ಪಂಕ್ತಿಗೆ ಇಳಿದೆನೆಂದರೆ ಜನ ಎರಡೂ ಕೈಗಳನ್ನು ತಾಟಿನ ಮೇಲೆ ಅಡ್ಡ ಹಿಡಿಯುತ್ತಿದ್ದರು. ನಾನು ಬೆರಳ ಸಂದಿಯಲ್ಲೇ ಸುರಿಯುತ್ತಿದ್ದೆ. ಸಾಕು ಎಂದವನನ್ನು ಸಾಕೆಂದು ಬಿಟ್ಟುಬಿಡುವುದು ನಮ್ಮ ಕಡೆ ಅವಮಾನ. ಆ ಅವಮಾನವನ್ನು ನನ್ನ ಕೈಯಿಂದ ಯಾರೂ ಅನುಭವಿಸಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ದ್ರಾಕ್ಷಿ ಬೆಳೆಗಾರರು ಸೇರಿ ಕೊಲ್ಹಾರದ ಹಿನ್ನೀರಿನ ದಂಡೆಯ ಬಯಲಿನಲ್ಲಿ ಒಂದು ಮೇಳ ಇಟ್ಟರು. ಒಂದು ಸಾಲಿನಲ್ಲಿ ನಮ್ಮ ಕಡೆಯ ಊಟ, ಇನ್ನೊಂದು ಸಾಲಿನಲ್ಲಿ ನಮ್ಮ ದ್ರಾಕ್ಷಿಯ ವೈನು. ಬಂದವರು ಎರಡರ ರುಚಿಯನ್ನೂ ನೋಡಬೇಕು. ನಮ್ಮ ಮನೆಯವಳು ಊಟದ ಸಾಲಿನಲ್ಲಿ ಅಂಗಡಿ ಹಾಕಿದಳು. ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗಡಿಗೆಯ ಕೆನೆಮೊಸರು, ಹೋಳಿಗೆ. ಅವಳ ಹೋಳಿಗೆಗೆ ಬಾಗೇವಾಡಿಯವರೆಗೂ ಹೆಸರಿತ್ತು.

ಅದರ ಎದುರಿಗೇ ನಮ್ಮ ನೆರೆಮನೆಯ ಶಂಕ್ರೆಪ್ಪನ ವೈನಿನ ಅಂಗಡಿ. ಅವನ ಒಣದ್ರಾಕ್ಷಿ ಹಿಂದಿನ ಎರಡು ಹಂಗಾಮಿನಲ್ಲೂ ಅಕಾಲ ಮಳೆಗೆ ಕಪ್ಪಾಗಿತ್ತು. ಈ ಸಲ ಮಾದರಿಗೆಂದು ತನ್ನ ಹಣ್ಣಿನಿಂದ ಸ್ವಲ್ಪ ವೈನು ಮಾಡಿಸಿದ್ದ. ಪುಣೆಯ ವೈನು ಕಾರ್ಖಾನೆಯವರೊಬ್ಬರು ಬಂದು ರುಚಿ ನೋಡುವವರಿದ್ದರು. ಒಪ್ಪಿದರೆ ಇಡೀ ತೋಟದ ಹಣ್ಣು ಅವರಿಗೆ. ಒಪ್ಪದಿದ್ದರೆ ಬಳ್ಳಿ ಕಿತ್ತು ಕಬ್ಬು ಹಚ್ಚುವುದೆಂದು ಅವನು ನಿಶ್ಚಯ ಮಾಡಿದ್ದ. ಅಪ್ಪ ಹಚ್ಚಿದ ಬಳ್ಳಿಗಳು. ಆ ಮಾತು ಹೇಳುವಾಗ ಅವನು ಬೇರೆ ಕಡೆ ನೋಡುತ್ತಿದ್ದ.

ಪುಣೆಯವರನ್ನು ಎದುರುಗೊಳ್ಳಲು ಹೊರಟವನು ಅಂಗಡಿಯನ್ನು ನನಗೆ ಒಪ್ಪಿಸಿದ.

"ಕಾಕಾ, ಗ್ಲಾಸಿನ ಬುಡಕ್ಕಷ್ಟ ಹಾಕ್ರಿ. ರುಚಿ ನೋಡಾಕ ಅಷ್ಟ ಸಾಕು. ಇರೋದ ಇಷ್ಟ ಬಾಟ್ಲಿ."

ಬಡಿಸುವ ಕೆಲಸ ನನಗೆ ಹೇಳಿಕೊಡುವುದೇ! ಅಂಗಳಕ್ಕೆ ಬಂದ ಅತಿಥಿಗೆ ಗ್ಲಾಸಿನ ಬುಡ ತೋಯಿಸಿ ಕೊಟ್ಟರೆ ನಾಳೆ ಶಂಕ್ರೆಪ್ಪನ ಮಾನ ಏನಾಗಬೇಡ? ಅವನ ಹಿತಕ್ಕಾಗಿಯೇ ಅವನ ಮಾತನ್ನು ಬದಿಗಿಟ್ಟೆ. ಆ ಪುಟ್ಟ ಗ್ಲಾಸುಗಳನ್ನೂ ಬದಿಗಿಟ್ಟು, ಮನೆಯವಳ ಅಂಗಡಿಯಿಂದ ಮಜ್ಜಿಗೆಯ ಸ್ಟೀಲ್ ಲೋಟಗಳನ್ನು ತಂದೆ.

ರೊಟ್ಟಿ ತಿಂದು ಬಾಯಾರಿದ್ದ ಹಿರಿಯರು ಸಾಲಾಗಿ ಬಂದರು. ಜನ್ಮದಲ್ಲಿ ವೈನು ಕಂಡವರಲ್ಲ. ಹಣ್ಣಿನ ರಸವೆಂದು ಧೈರ್ಯ ಹೇಳಿ ತುಂಬಿ ತುಂಬಿ ಕೊಟ್ಟೆ. ಬೇಡವೆಂದವರಿಗೆ ಇನ್ನೊಂದು ಲೋಟ. ಸ್ವಲ್ಪ ಹೊತ್ತಿನಲ್ಲಿ ಸಿಂದಗಿಯ ಕಡೆಯ ಒಬ್ಬ ಗೌಡರು ಮೈಕು ಹಿಡಿದು ತಮ್ಮ ಬೀಗರನ್ನು ಬಾಯ್ತುಂಬ ಹೊಗಳತೊಡಗಿದರು. ಬೀಗರ ಜೊತೆ ಅವರು ಮಾತು ಬಿಟ್ಟು ವರ್ಷಗಳಾಗಿದ್ದವು! ಇನ್ನಿಬ್ಬರು ಕುರ್ಚಿಯಲ್ಲೇ ನಿದ್ದೆ ಹೋದರು. ನನಗೆ ಬಹಳ ತೃಪ್ತಿಯಾಯಿತು. ಒಂದೇ ಬಾಟಲಿ ಉಳಿದಿತ್ತು.

ಆಗ ಇಸ್ತ್ರಿ ಅಂಗಿಯವರೊಬ್ಬರು ಬಂದು ಪುಟ್ಟ ಗ್ಲಾಸೇ ಬೇಕೆಂದರು. ಅದನ್ನು ತಿರುಗಿಸಿದರು, ಮೂಸಿದರು, ಒಂದು ಗುಟುಕು ಬಾಯಲ್ಲಿ ಮುಕ್ಕಳಿಸಿದರು. ಆಮೇಲೆ ಅಲ್ಲಿದ್ದ ಬಕೆಟ್ಟಿಗೆ ಉಗುಳಿದರು. ಮುಂದಿನ ಅಂಗಡಿಗೆ ನಡೆದರು.

ನಾನು ಬಡಿಸಿದ್ದನ್ನು ಇಷ್ಟು ವರ್ಷಗಳಲ್ಲಿ ಒಬ್ಬನೂ ಉಗುಳಿರಲಿಲ್ಲ. ನಾನೂ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ. ಹುಳಿ, ಒಗರು. ವೈನು ಕೆಟ್ಟಿದೆ! ಪುಣೆಯವರು ಬಂದು ಇದನ್ನು ಕುಡಿದರೆ ಶಂಕ್ರೆಪ್ಪನ ಗತಿಯೇನು? ತಡ ಮಾಡಲಿಲ್ಲ. ಮನೆಯವಳು ಗಿರಾಕಿಗಳ ಗದ್ದಲದಲ್ಲಿದ್ದಾಗ ಅವಳ ಹೋಳಿಗೆಯ ಬೆಲ್ಲವನ್ನೂ ಏಲಕ್ಕಿಯನ್ನೂ ಎತ್ತಿಕೊಂಡು ಬಂದೆ. ಉಳಿದ ವೈನನ್ನು ತಂಬಿಗೆಗೆ ಸುರಿದು, ಬೆಲ್ಲ ಕದಡಿ, ಏಲಕ್ಕಿ ಕುಟ್ಟಿ ಹಾಕಿದೆ. ಇಂಡಿ ಕಡೆಯ ನಿಂಬೆಹಣ್ಣು ಒಂದಿತ್ತು, ಅದನ್ನೂ ಹಿಂಡಿದೆ.

ಶಂಕ್ರೆಪ್ಪ ಬಂದ. ಜೊತೆಗಿದ್ದವರು ಅದೇ ಇಸ್ತ್ರಿ ಅಂಗಿಯವರು. ಪುಣೆಯವರು ಅವರೇ. ಮೂಲತಃ ಬೆಳಗಾವಿಯ ಕಡೆಯವರಂತೆ, ಯಾರಿಗೂ ಹೇಳದೆ ಮೊದಲೇ ಒಂದು ಸುತ್ತು ಬಂದಿದ್ದರು. ವೈನು ಬಹಳ ಹಿಡಿಸಿದೆ, ಇನ್ನೊಮ್ಮೆ ನೋಡಿ ಮಾತು ಮುಗಿಸೋಣ ಎಂದರು. ರುಚಿ ನೋಡುವವರು ನುಂಗುವುದಿಲ್ಲ, ಉಗುಳುವುದೇ ಅವರ ಪದ್ಧತಿ ಎಂದು ನನಗೆ ತಿಳಿದದ್ದು ಆಮೇಲೆ.

ನಾನು ತಂಬಿಗೆಯಿಂದ ಬಗ್ಗಿಸಿದೆ. ಅವರು ಈ ಸಲ ಉಗುಳಲಿಲ್ಲ. ಗಾಬರಿಯಲ್ಲಿ ನುಂಗಿಬಿಟ್ಟರು. ಏಲಕ್ಕಿಯ ಸಿಪ್ಪೆಯೊಂದು ಮೀಸೆಗೆ ಅಂಟಿತು.

"ಇದು ಪಾನಕ ಅಲ್ರಿ? ಗಳಿಗಿಗೊಂದು ರುಚಿ ಅಂದ್ರ ನಾ ಹೆಂಗ ನಂಬ್ಲಿ? ಬೆಲ್ಲ ಯಾರು ಹಾಕಿದ್ರು?"

ಶಂಕ್ರೆಪ್ಪ ನನ್ನತ್ತ ತಿರುಗಿದ. ನಾನು ಬಾಯಿ ತೆರೆದೆ. ನನಗೇ ತಿಳಿಯದಂತೆ ಮಾತು ಹೊರಬಂತು.

"ನಮ್ಮ ಮನಿಯಾಕಿ ಹಾಕ್ಯಾಳ್ರಿ. ಗೊತ್ತಾಗಿಲ್ಲ ಆಕಿಗೆ."

ಅವಳು ಎದುರಿಗೇ ಇದ್ದಳು, ಕೈಯಲ್ಲಿ ಮೊಸರಿನ ಸೌಟು. ನನ್ನನ್ನೊಮ್ಮೆ ನೋಡಿದಳು. ಶಂಕ್ರೆಪ್ಪನನ್ನೂ ನೋಡಿದಳು.

"ಹೌದ್ರಿ, ನಾನ ಹಾಕೇನಿ. ಶಂಕ್ರೆಪ್ಪಂದು ಏನೂ ತಪ್ಪಿಲ್ರಿ" ಎಂದಳು.

ಪುಣೆಯವರು ಮೆತ್ತಗಾಗಿ ಹೊಸ ಬಾಟಲಿ ಕೇಳಿದರು. ಹೊಸ ಬಾಟಲಿಗಳೆಲ್ಲ ಗೌಡರ ಭಾಷಣವಾಗಿ ಹೋಗಿದ್ದವು. ಮುಂದಿನ ಹಂಗಾಮಿಗೆ ತೋಟಕ್ಕೇ ಬರುತ್ತೇನೆಂದು ಹೇಳಿ ಹೋದರು. ಹೇಳಿದಂತೆ ಬಂದರು, ಒಪ್ಪಿದರು. ಬಳ್ಳಿಗಳು ಇಂದಿಗೂ ಇವೆ. ಒಂದು ವರ್ಷದ ಹಣ್ಣು ಮಾತ್ರ ಸಿಕ್ಕ ಬೆಲೆಗೆ ಹೋಯಿತು. ಬಾಟಲಿ ಖಾಲಿ ಮಾಡಿದ್ದಕ್ಕೆ ನಾನು ಶಂಕ್ರೆಪ್ಪನ ಕ್ಷಮೆ ಕೇಳಿದೆ. ಅವನು ನಕ್ಕು ಚಹಾ ಕುಡಿಸಿದ.

ಆದರೆ ಬೆಲ್ಲ ಅವಳ ಹೆಸರಿನಲ್ಲೇ ಉಳಿಯಿತು. ಹೋಳಿಗೆಯನ್ನು ಹೊಗಳುತ್ತಿದ್ದ ಜನ, "ಅವ್ವಾರ, ಸಾರಿಗೂ ಬೆಲ್ಲ ಹಾಕೀರೇನ್ರಿ?" ಎಂದು ಕೇಳತೊಡಗಿದರು. ಅವಳು ನಗುತ್ತ ಬಡಿಸಿದಳು. ನಾನೂ ಪಕ್ಕದಲ್ಲಿ ಕೂತು ನಕ್ಕೆ. ಚೆನ್ನಾಗಿಯೇ ಉಂಡೆ. ನಾನು ಹಾಕಿದೆ ಎಂದಿದ್ದರೂ ತೋಟ ಉಳಿಯುತ್ತಿತ್ತು ಎಂಬುದು ಹೊಳೆದದ್ದು ಬಹಳ ತಡವಾಗಿ.

ಅವಳು ಈಗ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಸಪ್ಪಳ ಇಲ್ಲಿಗೇ ಕೇಳುತ್ತಿದೆ. ಎದ್ದು ಹೋಗಿ ತಪ್ಪಾಯಿತು ಎನ್ನಬಹುದು. ಅಡುಗೆಮನೆಯವರೆಗೆ ನಡೆಯುವ ಧೈರ್ಯ ಸಾಲದೆ ಊರಿಗೆಲ್ಲ ಬರೆದು ತಿಳಿಸುತ್ತಿರುವ ಶೂರ ನಾನು. ಹೆಂಡತಿಯ ಹೆಸರು ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಆದರೂ ಇಲ್ಲಿ ಬರೆಯುತ್ತೇನೆ.

ಗಂಗವ್ವ.